ವರದಿಯಲ್ಲಿ ಸಾವಿರ ಮಂದಿ, ಊರಲ್ಲಿ ಎಷ್ಟು?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಕ್ರೈಸ್ತ ಸಭೆಯ (ಚರ್ಚಿನ) ಕಮಿಟಿಯಲ್ಲಿದ್ದೇನೆ. ಹಳ್ಳಿಗಳಲ್ಲಿ ಸುವಾರ್ತೆ ಸೇವೆ (ಕ್ರಿಸ್ತನ ಸಂದೇಶ ಸಾರುವ ಕೆಲಸ) ಮಾಡುವ ತಂಡವೊಂದಕ್ಕೆ ಆರು ವರ್ಷದಿಂದ ತಿಂಗಳಿಗೆ 15,000 ರೂಪಾಯಿ ಕೊಡುತ್ತಿದ್ದೇವೆ. ‘40 ಊರು ಮುಟ್ಟಿದೆವು, 1,000 ಮಂದಿ ಪ್ರಾರ್ಥನೆಗೆ ಬಂದರು’ ಅಂತ ವರದಿ ಬರುತ್ತದೆ. ಕೆಲಸ ಫಲ ಕೊಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೇಳಿದರೆ ‘ದೇವರ ಕೆಲಸಕ್ಕೆ ಲೆಕ್ಕ ಹಾಕಬಾರದು’ ಅನ್ನುತ್ತಾರೆ.

ಉತ್ತರ: ಲೆಕ್ಕ ಹಾಕಬಾರದು ಅಂದಮೇಲೆ 1,000 ಅಂತ ಬರೆದವರು ಯಾರು? ಸಂಕೋಚ ಬೇಡ, ಕೇಳಿ.

ಆದರೆ ಬಂದವರ ಲೆಕ್ಕ ಕೇಳಬೇಡಿ, ಉಳಿದದ್ದರ ಲೆಕ್ಕ ಕೇಳಿ. ಮೂರು ವರ್ಷ ಹಳೆಯ ವರದಿ ತೆಗೆಯಿರಿ. ಅದರಿಂದ ಎರಡು ಊರು ನೀವೇ ಆರಿಸಿ, ತಂಡದವರಿಗೆ ಹೇಳದೆ ಹೋಗಿ ಬನ್ನಿ. ನಾನೊಮ್ಮೆ ಹಾವೇರಿ ಕಡೆಯ ಹಳ್ಳಿಗೆ ಹಾಗೆ ಹೋಗಿದ್ದೆ. ‘ಹತ್ತು ಹೊಲಿಗೆ ಯಂತ್ರ ಕೊಟ್ಟೆವು’ ಅಂತ ವರದಿಯಲ್ಲಿತ್ತು. ಓಡುತ್ತಿದ್ದದ್ದು ಮೂರು. ಒಂದರ ಮೇಲೆ ಜೋಳದ ಚೀಲ ಕೂತಿತ್ತು. ಆದರೆ ಆ ಮೂವರಲ್ಲಿ ಒಬ್ಬಾಕೆ ಓಣಿಯ ನಾಲ್ಕು ಹುಡುಗಿಯರಿಗೆ ಕುಬಸ ಹೊಲಿಯೋದು ಕಲಿಸಿದ್ದಳು. ಅದು ಯಾವ ವರದಿಯಲ್ಲೂ ಇರಲಿಲ್ಲ! ವರದಿ ಸುಳ್ಳು ಅಂತಲ್ಲ, ಎಣಿಸಬೇಕಾದ್ದನ್ನೇ ಎಣಿಸಿರಲಿಲ್ಲ ಅಷ್ಟೇ.

ಸಂಖ್ಯೆ ದಿಢೀರನೆ ಏರಿದ್ದರೆ ಆ ವರ್ಷ ಅಲ್ಲಿ ಏನು ಹಂಚಿದರು ಅಂತಲೂ ನೋಡಿ. 1876–78ರ ಬರ ನಮ್ಮ ಧಾರವಾಡ ಸೀಮೆಯನ್ನೂ ಕಾಡಿತ್ತು. ಆಗ ಆಂಧ್ರದ ಓಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೋ, ಹಸಿದವರಿಗೆ ಕಾಲುವೆ ತೋಡುವ ಕೆಲಸ ಕೊಡಿಸಿದರು. ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ) ಮಾತ್ರ ತಡೆಹಿಡಿದರು. ಹೊಟ್ಟೆಗಾಗಿ ಬಂದವರು ಯಾರು, ಮನಸ್ಸಿನಿಂದ ಬಂದವರು ಯಾರು ಅಂತ ಗೊತ್ತಾಗಲ್ಲವಲ್ಲ! ಮತ್ತೆ ಶುರು ಮಾಡಿದಾಗ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾಯಿತು. ನಿಮ್ಮ ತಂಡದವರು ಹೀಗೆ ಕಾಯುವವರಾ?

ನಮ್ಮ ಕಡೆಯದೇ ಉದಾಹರಣೆ ಬೇಕಾದರೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಇದೆ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅದೇ ಮಿಷನ್ನಿನ ಕಿಟೆಲ್ ಅವರನ್ನು ದೀಕ್ಷಾಸ್ನಾನದ ಲೆಕ್ಕದಲ್ಲಿ ಅಳೆದರೆ ಕೈಗೆ ಹೆಚ್ಚೇನೂ ಸಿಗಲ್ಲ. ಅವರ 1894ರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದು ಯಾವ ಕಾಲಮ್ಮಿಗೆ ಬರುತ್ತೆ, ಹೇಳಿ? ಮೊದಲ ಮಹಾಯುದ್ಧ ಬಂದಾಗ ಈ ಮಿಷನ್ನಿನ ಜರ್ಮನ್ ಮಿಷನರಿಗಳು ಇಲ್ಲಿಂದ ಹೋಗಬೇಕಾಯಿತು. ನಿಜವಾದ ಪರೀಕ್ಷೆ ಆಗ ನಡೆಯಿತು. ಸಭೆಗಳ ಹೊಣೆಯನ್ನು ಇಲ್ಲಿಯವರೂ ಹೊರಬೇಕಾಯಿತು.

ನಿಮ್ಮ ತಂಡಕ್ಕೂ ಅದನ್ನೇ ಕೇಳಿ: ನಾಳೆ ನಮ್ಮ 15,000 ನಿಂತರೆ ಎಷ್ಟು ಊರಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತದೆ? ನಡೆಸುವವರ ಹೆಸರೇನು? ಊರವರೇ ಕಾಣಿಕೆ ಹಾಕುತ್ತಾರಾ?

ಇನ್ನೊಂದು ಮಾತು. ಸಭೆಗೆ ಬರುವವರನ್ನಷ್ಟೇ ಕೇಳಿ ಬರಬೇಡಿ. ಚಹಾ ಅಂಗಡಿಯಲ್ಲಿ ಕೂತು, ಸಭೆಗೆ ಸಂಬಂಧವೇ ಇಲ್ಲದವರ ಹತ್ತಿರವೂ ಮಾತಾಡಿ. ತಂಡದವರಿಂದ ಊರಿಗೆ ಒಳ್ಳೆಯದಾಯಿತೋ, ಮನೆಮನೆಯಲ್ಲಿ ಜಗಳ ಹತ್ತಿತೋ ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಬಿತ್ತನೆ ದಿನಗಳಲ್ಲಿ ಮಾತ್ರ ಹೋಗಬೇಡಿ, ಊರಲ್ಲಿ ಯಾರೂ ಸಿಗಲ್ಲ.