ಬಿಚ್ಚಿದ ಗಡಿಯಾರ, ಬೀಗ ಹಾಕಿದ ಬೀರು

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾನೆ. ಗೋಡೆ ಗಡಿಯಾರ, ಟಾರ್ಚು ಆದವು. ಈಗ ಅವನ ಕಣ್ಣು ಹಳೆಯ ಟಿ.ವಿ.ಯ ಮೇಲಿದೆ. ಮತ್ತೆ ಜೋಡಿಸುವುದು ಮಾತ್ರ ಅಪರೂಪ. ದುಬಾರಿ ಶುಲ್ಕದ ರೊಬೊಟಿಕ್ಸ್ ತರಗತಿಗೆ ಸೇರಿಸಿದರೆ ಈ ಚಟ ಒಂದು ದಾರಿಗೆ ಬಂದೀತೆ?
– ತಂದೆಯೊಬ್ಬರು, ದಾವಣಗೆರೆ

ಉತ್ತರ: ಮೊದಲು ಟಿ.ವಿ.ಯ ವಿಷಯ. ಅದು ಹಿಂಬದಿ ಉಬ್ಬಿದ ಹಳೆಯ ಕಾಲದ ಟಿ.ವಿ.ಯಾಗಿದ್ದರೆ ಇಂದೇ ಅವನ ಕೈಗೆಟುಕದಂತೆ ಮಾಡಿ. ಪ್ಲಗ್ ಕಿತ್ತ ಮೇಲೂ ಅದರ ಚಿತ್ರನಳಿಕೆ ಸಾವಿರಾರು ವೋಲ್ಟ್ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಮೈಕ್ರೋವೇವ್ ಒಲೆಯೂ ಅಷ್ಟೇ ಅಪಾಯಕಾರಿ; ಉಬ್ಬಿದ ಮೊಬೈಲ್ ಬ್ಯಾಟರಿಯಂತೂ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಇವುಗಳನ್ನು ಬಿಟ್ಟು ಸೆಲ್ಲಿನಿಂದ ನಡೆಯುವ ಆಟಿಕೆ, ಕೆಟ್ಟ ಬೀಗ, ಸೈಕಲ್ಲಿನ ಫ್ರೀವೀಲ್, ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ, ಇಂಥವನ್ನು ಧಾರಾಳವಾಗಿ ಕೊಡಿ. ಗುಜರಿ ಅಂಗಡಿಯಲ್ಲಿ ಇವು ತೂಕದ ಲೆಕ್ಕದಲ್ಲಿ ಸಿಗುತ್ತವೆ.

ಇನ್ನು ‘ಚಟ’ ಎಂಬ ತಮ್ಮ ಮಾತಿಗೆ ನನ್ನ ತಕರಾರಿದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಡುಗನಾಗಿದ್ದಾಗ, ಬೆಳಗ್ಗೆ ಅಲಾರಂ ಹೊಡೆದರೂ ಎಚ್ಚರವಾಗದ ತಮ್ಮದೇ ನಿದ್ದೆಗೆ ಉಪಾಯ ಹುಡುಕಿದರು. ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಬಿಗಿದರು. ಅಲಾರಂ ಹೊಡೆದಾಗ ಕೀಲಿ ತಿರುಗಿ, ಬಾಟಲಿ ವಾಲಿ, ನೀರು ನೇರವಾಗಿ ಮುಖದ ಮೇಲೆ ಸುರಿಯುತ್ತಿತ್ತು. ಅದೇ ಕೈಗಳು ಮುಂದೆ ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಸಾಧನವನ್ನೂ ಸುಧಾರಿತ ಕೂರಿಗೆಗಳನ್ನೂ ರೂಪಿಸಿದವು, ಮತ್ತು 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮನೆಯವರು ಆ ಗಡಿಯಾರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ಏನಾಗುತ್ತಿತ್ತೋ!

ತಮ್ಮ ಮಗನಲ್ಲಿ ಕೊರತೆ ಇರುವುದು ಮರುಜೋಡಣೆಯಲ್ಲಿ, ಮತ್ತು ಅದು ಬುದ್ಧಿಯ ಕೊರತೆಯಲ್ಲ, ಕ್ರಮದ ಕೊರತೆ. ಅಡುಗೆಮನೆಯಿಂದ ಹಳೆಯ ಇಡ್ಲಿ ತಟ್ಟೆಯೊಂದನ್ನು ಅವನಿಗೆ ಕೊಡಿ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಯಲ್ಲಿ ಇಡುತ್ತ, ಹಂತಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲಿ. ಒಂದನ್ನು ಜೋಡಿಸುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ ಎಂಬ ಒಂದೇ ಕಟ್ಟುಪಾಡು ಸಾಕು. ರಿಪೇರಿ ಕಲಿತವನಿಗೆ ಒಂದು ವಸ್ತು ಎಲ್ಲಿ, ಏಕೆ ಸೋಲುತ್ತದೆ ಎಂಬುದು ತಿಳಿದಿರುತ್ತದೆ. ಹೊಸದನ್ನು ಮಾಡಲು ಇದಕ್ಕಿಂತ ಒಳ್ಳೆಯ ತಳಹದಿಯನ್ನು ನಾನು ಕಂಡಿಲ್ಲ.

ರೊಬೊಟಿಕ್ಸ್ ತರಗತಿಗಳೆಲ್ಲ ಕೆಟ್ಟವೆಂದು ಹೇಳಲಾರೆ. ಹಣ ಕಟ್ಟುವ ಮುನ್ನ ಒಂದು ದಿನ ಹೋಗಿ ನೋಡಿ. ಸಂಜೆಯ ಹೊತ್ತಿಗೆ ಎಲ್ಲ ಮೇಜುಗಳ ಮೇಲೂ ಒಂದೇ ಬಗೆಯ ಕಾರು ಓಡುತ್ತಿದ್ದರೆ, ಅಲ್ಲಿ ಕಲಿಸುತ್ತಿರುವುದು ಜೋಡಣೆಯನ್ನು. ಅದೂ ಒಂದು ಕೌಶಲವೇ ಸರಿ. ಆದರೆ ಯಾವ ಸಮಸ್ಯೆಯನ್ನು ಕೈಗೆತ್ತಿಕೊಳ್ಳಬೇಕೆಂದು ಸ್ವತಃ ಆರಿಸಿಕೊಳ್ಳುವ ಕಷ್ಟ ಮಗುವಿನ ಪಾಲಿಗೆ ಅಲ್ಲಿ ಬರುವುದೇ ಇಲ್ಲ.

ಪ್ರಶ್ನೆ: ನಮ್ಮ ಶಾಲೆಗೆ, ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಸರ್ಕಾರದ ಅನುದಾನದಲ್ಲಿ ನಡೆಯುವ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಬಂದಿದೆ. ಆದರೆ ವಸ್ತುಗಳು ಕೆಟ್ಟರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಎಲ್ಲವೂ ಬೀರುವಿನಲ್ಲಿ ಬೀಗದೊಳಗಿವೆ. ನನಗೂ ಎಲೆಕ್ಟ್ರಾನಿಕ್ಸ್ ಬಾರದು. ಎಲ್ಲಿಂದ ಆರಂಭಿಸಲಿ?
– ವಿಜ್ಞಾನ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಆರಂಭವಾದಾಗ, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ ಒಂದೊಂದು ಪ್ರಯೋಗಾಲಯಕ್ಕೆ 20 ಲಕ್ಷ ರೂಪಾಯಿ ಅನುದಾನ ನಿಗದಿಯಾಗಿತ್ತು: ಸ್ಥಾಪನೆಗೆ 10 ಲಕ್ಷ, ಐದು ವರ್ಷಗಳ ನಿರ್ವಹಣೆಗೆ 10 ಲಕ್ಷ. ಈ ಎರಡನೆಯ ಭಾಗವನ್ನು ಗಮನಿಸಿ. ವಸ್ತುಗಳು ಸವೆಯುತ್ತವೆ, ಸುಡುತ್ತವೆ, ಮುಗಿಯುತ್ತವೆ ಎಂಬುದನ್ನು ಯೋಜನೆಯೇ ಒಪ್ಪಿಕೊಂಡಿದೆ. ಆದ್ದರಿಂದ ದಾಸ್ತಾನು ಪುಸ್ತಕವನ್ನು ಎರಡಾಗಿ ವಿಂಗಡಿಸಿ. ಥ್ರೀಡಿ ಪ್ರಿಂಟರ್, ಡ್ರಿಲ್ಲಿಂಗ್ ಯಂತ್ರದಂಥವು ಒಂದರಲ್ಲಿರಲಿ. ಎಲ್‌ಇಡಿ, ತಂತಿ, ರೆಸಿಸ್ಟರ್, ಸೆಲ್ಲುಗಳು ‘ಬಳಕೆಯಲ್ಲಿ ಮುಗಿಯುವ ವಸ್ತು’ಗಳೆಂದು ಇನ್ನೊಂದರಲ್ಲಿರಲಿ. ಎಲ್‌ಇಡಿ ಸುಡುವುದಕ್ಕೆ ಹೆದರುವ ಕೋಣೆಯಲ್ಲಿ ಯಾರೂ ಏನನ್ನೂ ಕಲಿಯಲಾರರು.

ಎಲೆಕ್ಟ್ರಾನಿಕ್ಸ್ ಬಾರದೆಂಬ ಸಂಕೋಚ ಬೇಡ. ಮೊದಲ ತಿಂಗಳಲ್ಲಿ ಅದರ ಅಗತ್ಯವೇ ಬೀಳದು. ಒಂದು ದೂರಿನ ಪುಸ್ತಕ ಇಡಿ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಯಾರಿಗೆ ಯಾವ ಕೆಲಸ ಮಾಡುವಾಗ ಮೈಯ ಯಾವ ಭಾಗ ನೋಯುತ್ತದೆ ಎಂದು ಮಕ್ಕಳು ಕೇಳಿ ಬರೆದುಕೊಂಡು ಬರಲಿ. ಪ್ರಶ್ನೆ ಇಷ್ಟು ಕಿರಿದಾಗಿರಬೇಕು. ‘ಸಮಾಜದ ಸಮಸ್ಯೆ ಬರೆಯಿರಿ’ ಎಂದರೆ ಜಾಗತಿಕ ತಾಪಮಾನದ ಮೇಲೆ ಪ್ರಬಂಧ ಬರುತ್ತದೆ.

ತೆಲಂಗಾಣದ ಚಿಂತಕಿಂದಿ ಮಲ್ಲೇಶಂ ಅವರ ಯಂತ್ರ ಹುಟ್ಟಿದ್ದು ಇಂಥದೊಂದು ನೋವಿನಿಂದಲೇ. ಪೋಚಂಪಲ್ಲಿ ಸೀರೆ ನೇಯುವುದಕ್ಕೆ ಮೊದಲು ‘ಆಸು’ ಎಂಬ ಕೆಲಸದಲ್ಲಿ ಅವರ ತಾಯಿ ಲಕ್ಷ್ಮಿ ನೂಲನ್ನು ಗೂಟಗಳ ಸುತ್ತ ಹಾಯಿಸುತ್ತ ಒಂದೊಂದು ಸೀರೆಗೂ ಸಾವಿರಾರು ಬಾರಿ ಕೈ ಬೀಸಬೇಕಿತ್ತು, ಮತ್ತು ಹೆಗಲು, ಮೊಣಕೈ ನೋವು ಅಸಹನೀಯವಾಗಿತ್ತು. ಆರನೆಯ ತರಗತಿಗೇ ಶಾಲೆ ಬಿಟ್ಟಿದ್ದ ಮಗ 1992ರಲ್ಲಿ ಯಂತ್ರ ಮಾಡಲು ಹೊರಟು, ಹಣ ಮುಗಿದು ಕೆಲಸ ನಿಂತು, ಹೈದರಾಬಾದಿನಲ್ಲಿ ದುಡಿಯುತ್ತ ಬಿಡಿಭಾಗಗಳನ್ನು ಒಂದೊಂದಾಗಿ ಹೊಂದಿಸಿ, 1999ರ ಹೊತ್ತಿಗೆ ಅದನ್ನು ಪೂರೈಸಿದರು. ಯಂತ್ರಕ್ಕೆ ‘ಲಕ್ಷ್ಮಿ ಆಸು’ ಎಂದೇ ಹೆಸರಿಟ್ಟರು. ಏಳು ವರ್ಷ! ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಅಪ್ಪ ಅಂಟಿಸಿಕೊಡುವ ಥರ್ಮಾಕೋಲ್ ಜ್ವಾಲಾಮುಖಿಗೆ ಬಹುಮಾನ ಕೊಟ್ಟು ಕಳಿಸುವ ನಾವು, ಮಕ್ಕಳಿಗೆ ಈ ಅವಧಿಯ ಅಂದಾಜನ್ನಾದರೂ ಕೊಡಬೇಕಲ್ಲವೇ?

ದೂರುಗಳಲ್ಲಿ ಒಂದನ್ನು ಆರಿಸಿದ ಮೇಲೆ ರಟ್ಟು, ಬಿದಿರ ಕಡ್ಡಿ, ರಬ್ಬರ್ ಬ್ಯಾಂಡಿನಲ್ಲೇ ಮಾದರಿ ಮಾಡಿಸಿ, ಅದನ್ನು ದೂರು ಹೇಳಿದವರ ಕೈಗೇ ಕೊಟ್ಟು ನೋಡಲಿ. ಮೂರನೆಯ ಮಾದರಿಯ ನಂತರ ಬೀರು ತೆರೆದರೆ ಸೆನ್ಸರ್ ಏಕೆ ಬೇಕೆಂದು ಮಕ್ಕಳೇ ಹೇಳುತ್ತಾರೆ. ಆಗ ಊರಿನ ಮೋಟಾರು ರಿವೈಂಡಿಂಗ್ ಅಂಗಡಿಯವರನ್ನು ಒಂದು ಶನಿವಾರ ಶಾಲೆಗೆ ಕರೆಯಿರಿ. ಬೆಸುಗೆ ಹಾಕುವುದನ್ನು ಅವರಷ್ಟು ಚೆನ್ನಾಗಿ ಕಲಿಸುವವರಿಲ್ಲ. ಮಾದರಿ ಒಂದು ಹದಕ್ಕೆ ಬಂದರೆ ಕೇಂದ್ರ ಸರ್ಕಾರದ ‘ಇನ್‌ಸ್ಪೈರ್ ಮಾನಕ್’ ಯೋಜನೆಗೆ ಶಾಲೆಯಿಂದ ಹೆಸರು ಕಳಿಸಿ; ಆಯ್ಕೆಯಾದ ಆಲೋಚನೆಗೆ ಮಾದರಿ ತಯಾರಿಸಲು 10,000 ರೂಪಾಯಿ ದೊರೆಯುತ್ತದೆ.

ಪ್ರಶ್ನೆ: ಮಳೆಹನಿ ಬಿದ್ದೊಡನೆ ಅಂಗಳದ ಅಡಿಕೆಯ ಮೇಲೆ ತಾನಾಗಿ ಟಾರ್ಪಾಲು ಹರಡುವ ಯಂತ್ರ ಮಾಡಿದ್ದೇನೆ. ಮುಂದಿನ ತಿಂಗಳು ಪ್ರದರ್ಶನವಿದೆ. ಅದಕ್ಕೆ ಮೊದಲೇ ಪೇಟೆಂಟ್ ಮಾಡಿಸಬೇಕೆ?
– ಪಿ.ಯು. ವಿದ್ಯಾರ್ಥಿ, ಪುತ್ತೂರು

ಉತ್ತರ: ಪೇಟೆಂಟ್ ಬೇಕೆನಿಸಿದರೆ ಪ್ರದರ್ಶನಕ್ಕೆ ಮೊದಲೇ ಅರ್ಜಿ ಹಾಕಬೇಕು, ಸಾರ್ವಜನಿಕವಾಗಿ ತೋರಿಸಿಬಿಟ್ಟದ್ದು ಕಾನೂನಿನ ಕಣ್ಣಿನಲ್ಲಿ ‘ಹೊಸದು’ ಆಗಿ ಉಳಿಯುವುದಿಲ್ಲ. ಸರ್ಕಾರವೇ ಅಧಿಸೂಚಿಸಿದ ಪ್ರದರ್ಶನಗಳಿಗೆ ವಿನಾಯಿತಿ ಇದೆ, ಆದರೆ ಕಾಲೇಜಿನ ಪ್ರದರ್ಶನ ಆ ಸಾಲಿಗೆ ಸೇರದು. ಮಳೆಯ ಸೆನ್ಸರಿನಿಂದ ಹೊದಿಕೆ ಹರಡುವ ಆಲೋಚನೆ ಈಗಾಗಲೇ ಹಲವರಿಗೆ ಬಂದಿದೆಯಾದ್ದರಿಂದ, ಪೇಟೆಂಟ್ ಕಚೇರಿಯ ಉಚಿತ ಹುಡುಕುತಾಣದಲ್ಲಿ ಮೊದಲು ತಡಕಿ ನೋಡಿ. ನಿಮ್ಮ ಹೊಸತನ ಸೆನ್ಸರಿನಲ್ಲಿರಲಾರದು. ಗಾಳಿಗೆ ಸಿಕ್ಕಿ ಮಡಚಿಕೊಳ್ಳದಂತೆ ಟಾರ್ಪಾಲನ್ನು ಎಳೆಯುವ ವಿಧಾನದಲ್ಲಿ ಇದ್ದೀತು.

ಇದೆ ಎನಿಸಿದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಬಹುದು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ 1,600 ರೂಪಾಯಿ; ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಪೂರ್ಣ ವಿವರಣೆ ಸಲ್ಲಿಸಲು ಆಮೇಲೆ 12 ತಿಂಗಳ ಕಾಲಾವಕಾಶ ಸಿಗುತ್ತದೆ. ಆ ಅವಧಿಯಲ್ಲಿ ಯಂತ್ರವನ್ನು ಇಬ್ಬರು ಮೂವರು ಬೆಳೆಗಾರರ ಅಂಗಳದಲ್ಲಿ ಒಂದು ಒಣಗಿಸುವ ಹಂಗಾಮು ಪೂರ್ತಿ ಇಟ್ಟು, ಗಾಳಿಗೆ ಟಾರ್ಪಾಲು ಎಲ್ಲಿ ಹರಿಯುತ್ತದೆ, ಮುಂಜಾನೆಯ ಇಬ್ಬನಿಯನ್ನೇ ಮಳೆಯೆಂದು ತಿಳಿದು ಸೆನ್ಸರ್ ಎಷ್ಟು ಸಲ ಮೋಸಹೋಗುತ್ತದೆ ಎಂಬುದನ್ನೆಲ್ಲ ದಿನಾಂಕ ಸಹಿತ ಬರೆದಿಡಿ.