ಫೋಟೋ, ಕವನ, ಚಿತ್ರ ಮೂರೂ ಸೇರಿಸಿ ಒಂದು ಕಲಾವಿದರ ಗುಂಪು ಕಟ್ಬೇಕು ಅಂತಿದ್ದೀವಿ, ಎಲ್ಲಿಂದ ಶುರು ಮಾಡೋದು?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ಹಾಸನದಲ್ಲಿ ನೀವು ಐದು ಜನ ಸ್ನೇಹಿತರು, ಇಬ್ರು ಫೋಟೋ ತೆಗೀತೀರ, ಒಬ್ರು ಕವನ ಬರೀತಾರೆ, ಇನ್ನಿಬ್ರು ಚಿತ್ರ ಬಿಡಿಸ್ತಾರೆ, ನೋಡಿದವ್ರ ಮನಸ್ಸಿಗೆ ಉಲ್ಲಾಸ ಆಗೋ ಅಂಥದ್ದು ಒಟ್ಟಿಗೆ ಮಾಡಿ ಹಂಚ್ಬೇಕು ಅಂತ ಆಸೆ, ಆದ್ರೆ ಇಂಥ ಗುಂಪು ಎಷ್ಟು ದಿನ ನಡೆಯುತ್ತೆ, ದುಡ್ಡು ಎಲ್ಲಿಂದ ಬರುತ್ತೆ ಅಂತ ಅನುಮಾನ. ನಾನು ಮೈಸೂರಲ್ಲಿ ಇಂಥದ್ದೇ ಒಂದು ಸಣ್ಣ ಗುಂಪಲ್ಲಿದ್ದೀನಿ, ಫೋಟೋ ನನ್ನ ಪಾಲಿಗೆ. ನಂಗೆ ಈ ವಿಷ್ಯ ಅಂದ್ರೆ ಪ್ರಾಣ, ಅದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಪೇಜ್, ಹೆಸರು, ಲೋಗೋ ಇದೆಲ್ಲ ಆಮೇಲೆ ಇಟ್ಕೊಳಿ. ಮೊದಲು ವಾರದಲ್ಲಿ ಒಂದು ದಿನ, ಒಂದೇ ಟೈಮು, ಒಂದೇ ಜಾಗ ಗೊತ್ತು ಮಾಡ್ಕೊಳಿ, ಯಾರದ್ದಾದ್ರೂ ಮನೆ ಮಹಡಿ ಸಾಕು, ಅಲ್ಲಿ ಕೂತು ಆ ವಾರ ಮಾಡಿದ್ದನ್ನ ಒಬ್ಬರಿಗೊಬ್ಬರು ತೋರಿಸ್ಬೇಕು, ಕವನ ಆದ್ರೆ ಗಟ್ಟಿಯಾಗಿ ಓದ್ಬೇಕು. ಧಾರವಾಡದಲ್ಲಿ 1922ರಲ್ಲಿ ಬೇಂದ್ರೆಯವರು ಕಟ್ಟಿದ ಗೆಳೆಯರ ಗುಂಪು ನೆನಪು ಮಾಡ್ಕೊಳಿ. ಶಂಬಾ ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಆನಂದಕಂದ, ಇವರೆಲ್ಲ ಆ ಗುಂಪಿನವರೇ, ಆಗ ಇವ್ರಲ್ಲಿ ಹೆಚ್ಚಿನವ್ರು ಇನ್ನೂ ಹುಡುಗ್ರು, ದೊಡ್ಡ ಹೆಸರೆಲ್ಲ ಬಂದಿದ್ದು ಆಮೇಲೆ. ಅದೇ ಬಳಗದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲಾ ಅನ್ನೋ ಪ್ರಕಾಶನ ಶುರು ಮಾಡಿದ್ರು, ಅದರ ಅಟ್ಟ ಇವತ್ತಿಗೂ ಧಾರವಾಡದಲ್ಲಿ ಸಾಹಿತಿಗಳು ಹತ್ತಿ ಹೋಗೋ ಜಾಗ. ಊರು ದೊಡ್ಡದಿರ್ಬೇಕು, ಗ್ಯಾಲರಿ ಇರ್ಬೇಕು ಅಂತೇನಿಲ್ಲ ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಗೊತ್ತಿಲ್ಲ, ಹಾಸನಕ್ಕೆ ಇದು ಚೆನ್ನಾಗಿ ಒಪ್ಪುತ್ತೆ.

ಇನ್ನು ಉಲ್ಲಾಸದ ವಿಷ್ಯ. ಇಲ್ಲಿ ನಾನು ಸ್ವಲ್ಪ ಜೋರಾಗೇ ಹೇಳ್ತೀನಿ. ಬೆಳಗಾದ್ರೆ ಎಲ್ಲರ ವಾಟ್ಸಾಪ್‌ಗೂ ಸೂರ್ಯೋದಯದ ಫೋಟೋ ಮೇಲೆ ಕಗ್ಗದ ನಾಲ್ಕು ಸಾಲು ಅಂಟಿಸಿದ್ದು ಬರುತ್ತೆ, ಕಗ್ಗ ದೊಡ್ಡದೇ, ಸೂರ್ಯ ದೊಡ್ಡವನೇ, ಆದ್ರೆ ಆ ಚಿತ್ರ ಮಾಡಿದವ್ರು ಆವತ್ತು ಏನನ್ನೂ ನೋಡಿಲ್ಲ. ಬೇಜಾರಲ್ಲಿರೋ ಮನುಷ್ಯನಿಗೆ 'ನಗ್ತಾ ಇರಿ' ಅಂತ ಹೇಳಿದ್ರೆ ಅವ್ನ ಬೇಜಾರು ಕಮ್ಮಿ ಆಗಲ್ಲ, ಇನ್ಯಾರೋ ಒಂದು ಸಣ್ಣ ವಸ್ತುವನ್ನ ತಾಳ್ಮೆಯಿಂದ ನೋಡಿದ್ದಾರೆ ಅಂತ ಕಂಡ್ರೆ ಆಗುತ್ತೆ. ನಮ್ಮ ಗುಂಪು ಒಂದ್ಸಲ ಆಸ್ಪತ್ರೆಯೊಂದರ ಕಾರಿಡಾರ್‌ನಲ್ಲಿ, ಸ್ಕ್ಯಾನಿಂಗ್‌ಗೆ ಕಾಯೋರು ಕೂರೋ ಕಡೆ, ಫೋಟೋ ಮತ್ತೆ ಕವನ ನೇತು ಹಾಕಿತ್ತು. ಚಾಮುಂಡಿ ಬೆಟ್ಟದ ಮಂಜು, ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ ಹಕ್ಕಿ, ಇವೆಲ್ಲ ಚೆನ್ನಾಗೇ ಬಂದಿದ್ವು, ಜನ ನೋಡಿ ಮುಂದೆ ಹೋಗ್ತಿದ್ರು. ಆದ್ರೆ ಎಲ್ಲರೂ ನಿಂತಿದ್ದು ಎರಡು ಚಿತ್ರದ ಮುಂದೆ: ದೇವರಾಜ ಮಾರ್ಕೆಟ್‌ನಲ್ಲಿ ಹೂವಿನ ಅಂಗಡಿಯವ್ರು ಮೊಳ ಹಾಕ್ತಿರೋ ಕೈ, ಇನ್ನೊಂದು ಅಡುಗೆಮನೆ ಕಿಟಕಿಯಲ್ಲಿ ಒಣಗೋಕೆ ಬೋರಲು ಹಾಕಿದ ಸ್ಟೀಲ್ ಲೋಟಗಳು, ಮೇಲೆ ಬಿಸಿಲು ಬಿದ್ದಿದೆ ಅಷ್ಟೇ. ಹಳ್ಳಿಯಿಂದ ಬಂದಿದ್ದ ಒಬ್ರು ಅಜ್ಜಿ ಲೋಟದ ಫೋಟೋ ಮುಂದೆ ಬಹಳ ಹೊತ್ತು ನಿಂತು, ನಮ್ಮನೇಲೂ ಹಿಂಗೇ ಬಿಸಿಲು ಬೀಳುತ್ತೆ ಕಣಪ್ಪ ಅಂದ್ರು. ಮನೆ ಬಿಟ್ಟು ಆಸ್ಪತ್ರೆಯಲ್ಲಿ ಕಾಯ್ತಿರೋರಿಗೆ ಮನೆ ನೆನಪಾಗಿದ್ದೇ ಉಲ್ಲಾಸ ಅಂತ ನಂಗೆ ಆಗ ಅನ್ನಿಸ್ತು, ಅದಾದ್ಮೇಲೆ ನಾವು ಏನು ತೋರಿಸ್ಬೇಕು ಅಂತ ಆರಿಸೋ ರೀತಿನೇ ಬದಲಾಯ್ತು.

ಕಗ್ಗದ ಮಾತು ಬಂತಲ್ಲ, ಕಾಪಿರೈಟ್ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಯಾರೂ ಹೇಳಲ್ಲ. ನಮ್ಮ ದೇಶದ 1957ರ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೂ 60 ವರ್ಷ ಹಕ್ಕು ಇರುತ್ತೆ. ಡಿ.ವಿ.ಜಿ. ತೀರಿಕೊಂಡಿದ್ದು 1975ರಲ್ಲಿ, ಅಂದ್ರೆ 2035ರ ಕೊನೆವರೆಗೆ, ಬೇಂದ್ರೆ 1981, ಅಂದ್ರೆ 2041, ಕುವೆಂಪು 1994, ಅಂದ್ರೆ 2054. ಬಿ.ಎಂ.ಶ್ರೀ. 1946ರಲ್ಲೇ ಹೋದ್ರು, ಅವರದ್ದು ಈಗ ಎಲ್ಲರ ಸ್ವತ್ತು. ನೀವು ಪೋಸ್ಟ್‌ಕಾರ್ಡು, ಕ್ಯಾಲೆಂಡರು ಮಾಡಿ ಮಾರೋ ಯೋಚನೆ ಇದ್ರೆ ಇದನ್ನ ನೆನಪಿಟ್ಕೊಳಿ. ಆದ್ರೆ ನಿಮ್ಮಲ್ಲೇ ಕವನ ಬರೆಯೋರು ಇದ್ದಾರಲ್ಲ, ಬೇರೆಯವರ ಸಾಲು ಯಾಕೆ ಬೇಕು? ಅವ್ರ ಸಾಲಿಗೂ ಇದೇ ಹಕ್ಕು ಇದೆ, ಬರೆದುಕೊಡದೇ ಹೋದ್ರೆ ಅದು ಅವರದ್ದೇ, ಗುಂಪಿನದ್ದಾಗಲ್ಲ. ಪ್ರತಿ ಕೆಲಸದ ಕೆಳಗೆ ಮಾಡಿದವ್ರ ಹೆಸರು ಹಾಕಿ, ಗುಂಪಿನ ಹೆಸರು ಸಣ್ಣಕ್ಷರದಲ್ಲಿ ಹಾಕಿ. ಹೆಸರಿನ ವಿಚಾರಕ್ಕೆ ಸ್ನೇಹ ಕೆಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಫೋಟೋ ಕವನ ಜೋಡಿಸೋದು ಹೇಗೆ ಅಂತ ಪ್ರತ್ಯೇಕವಾಗಿ ಕೇಳಿದ್ರಿ. ನಮ್ಮಲ್ಲಿ ಒಂದು ನಿಯಮ ಇದೆ, ಫೋಟೋದಲ್ಲಿ ಕಣ್ಣಿಗೆ ಕಾಣೋ ಯಾವ ವಸ್ತುವಿನ ಹೆಸರೂ ಕವನದಲ್ಲಿ ಬರಬಾರದು. ಕೆರೆ ಫೋಟೋಗೆ ಕೆರೆ ಅಂತ ಬರೆದ್ರೆ ಒಂದನ್ನೇ ಎರಡು ಸಲ ಹೇಳಿದಂಗಾಗುತ್ತೆ, ಅದೇ ಕೆರೆ ಫೋಟೋಗೆ ಈಜು ಕಲಿಸಿದ ಮಾವನ ಬಗ್ಗೆ ಬರೆದ್ರೆ ನೋಡೋರ ಮನಸ್ಸು ಎರಡರ ಮಧ್ಯೆ ಓಡಾಡುತ್ತೆ. ಚಿತ್ರ ಬಿಡಿಸೋರು ಫೋಟೋ ನೋಡಬಾರದು, ಬರೀ ಕವನ ಕೇಳಿ ಬಿಡಿಸ್ಬೇಕು. ಕೊನೆಗೆ ಮೂರನ್ನೂ ಪಕ್ಕದಲ್ಲಿಟ್ಟಾಗ ಕೆಲವು ಸಲ ಏನೂ ಹೊಂದಲ್ಲ, ಕೆಲವು ಸಲ ಮೈ ಜುಂ ಅನ್ನುತ್ತೆ. ಕವಿತೆಯನ್ನ ಕಲಾವಿದ ಹೇಗೆ ತನ್ನದು ಮಾಡ್ಕೋಬಹುದು ಅಂತ ನೋಡೋಕೆ ಎಸ್.ಜಿ. ವಾಸುದೇವ್ ಅವರು ಎ.ಕೆ. ರಾಮಾನುಜನ್ ಕವಿತೆಗಳಿಗೆ ಬಿಡಿಸಿದ ರೇಖಾಚಿತ್ರಗಳನ್ನ ಹುಡುಕಿ ನೋಡಿ. ಇಬ್ರೂ ಮೈಸೂರಿನವರೇ ಅನ್ನೋದು ನಂಗೆ ಹೆಮ್ಮೆ.

ದುಡ್ಡಿನ ಪ್ರಶ್ನೆಗೂ ವಾಸುದೇವ್ ಅವರ ಮೂಲಕವೇ ಬರ್ತೀನಿ, ಯಾಕಂದ್ರೆ ಅವ್ರು ಚೋಳಮಂಡಲ ಅನ್ನೋ ಕಲಾವಿದರ ಹಳ್ಳಿ ಕಟ್ಟಿದವರಲ್ಲಿ ಒಬ್ರು. 1966ರಲ್ಲಿ ಮದ್ರಾಸಿನ ಕಲಾ ಶಾಲೆಯ ಪ್ರಿನ್ಸಿಪಾಲ್ ಆಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಮತ್ತೆ ಅವ್ರ ಶಿಷ್ಯರು, ಸುಮಾರು 30 ಕಲಾವಿದರು, ಊರಾಚೆ ಸಮುದ್ರದ ಹತ್ರ ಇಂಜಂಬಾಕ್ಕಂನಲ್ಲಿ ಜಾಗ ಕೊಂಡು ತಾವೇ ಒಂದು ಹಳ್ಳಿ ಮಾಡ್ಕೊಂಡ್ರು. ಆಗ ಮದ್ರಾಸಲ್ಲಿ ಪೇಂಟಿಂಗ್ ಕೊಳ್ಳೋರು ಕಮ್ಮಿ, ಹೊಟ್ಟೆಪಾಡಿಗೆ ಕೆಲಸಕ್ಕೆ ಸೇರಿದ್ರೆ ಕಲೆ ಬಿಟ್ಟುಹೋಗುತ್ತೆ ಅನ್ನೋ ಪರಿಸ್ಥಿತಿ. ಅವ್ರು ಕಂಡುಕೊಂಡ ದಾರಿ ಬಹಳ ಸರಳ: ಮೇಣ ಹಚ್ಚಿ ಬಣ್ಣ ಹಾಕೋ ಬಾಟಿಕ್ ಬಟ್ಟೆ, ಲೋಹದ ಕೆಲಸ, ಚರ್ಮದ ಕೆಲಸ ಮಾಡಿ ಕರಕುಶಲ ವಸ್ತು ಅಂತ ಒಟ್ಟಿಗೆ ಮಾರೋದು, ಆ ದುಡ್ಡಲ್ಲಿ ಜೀವನ, ಪೇಂಟಿಂಗು ಶಿಲ್ಪ ಮಾತ್ರ ಯಾರ ಇಷ್ಟಕ್ಕೂ ಬಗ್ಗದೇ ತಮಗೆ ಬೇಕಾದಂಗೆ. ಭೂಮಿ ಕೊಂಡಿದ್ದಕ್ಕೂ ಬಾಟಿಕ್ ದುಡ್ಡೇ ಆಸರೆ. ಪಣಿಕ್ಕರ್ 1977ರಲ್ಲಿ ಹೋದ್ರು, ಹಳ್ಳಿ ಇನ್ನೂ ಇದೆ, 2009ರಲ್ಲಿ ಅಲ್ಲೇ ಮ್ಯೂಸಿಯಂ ಕೂಡ ಆಯ್ತು. ಚೆನ್ನೈಗೆ ಹೋದ್ರೆ ಈಸ್ಟ್ ಕೋಸ್ಟ್ ರೋಡಲ್ಲಿ (ಇಸಿಆರ್) ಇಳಿದು ಅರ್ಧ ದಿನ ಇಟ್ಕೊಂಡು ನೋಡಿ ಬನ್ನಿ, ಐದೂ ಜನ ಒಟ್ಟಿಗೆ ಹೋಗಿ.

ನಿಮ್ಮ ಬಾಟಿಕ್ ಯಾವುದು ಅಂತ ಯೋಚಿಸಿ. ನಮಗೆ ಅದು ಗೃಹಪ್ರವೇಶ, ನಾಮಕರಣದ ಫೋಟೋ, ಮತ್ತೆ ಮದುವೆ ಕಾರ್ಡ್ ಡಿಸೈನ್. ಅದರಲ್ಲಿ ಒಂದು ಭಾಗ ಗುಂಪಿನ ಡಬ್ಬಿಗೆ ಹಾಕ್ತೀವಿ, ಪ್ರಿಂಟು, ಫೋಟೋ ಅಂಟಿಸೋ ಮೌಂಟ್ ಬೋರ್ಡು, ಬಾಡಿಗೆ ಎಲ್ಲ ಅಲ್ಲಿಂದ. ಗುಂಪಿನ ಕವನ, ಫೋಟೋ ಮೇಲೆ ಸಂಪಾದನೆಯ ಭಾರ ಹೊರಿಸಲ್ಲ, ಅದಕ್ಕೇ ಅದು ಇಷ್ಟು ವರ್ಷ ಉಸಿರಾಡ್ತಿದೆ ಅಂತ ನನ್ನ ನಂಬಿಕೆ.

ಇನ್ನೊಂದು ಗುಂಪಿನ ಬಗ್ಗೆ ಹೇಳದೇ ಇರೋಕಾಗಲ್ಲ, ಅರವಾನಿ ಆರ್ಟ್ ಪ್ರಾಜೆಕ್ಟ್. 2016ರಲ್ಲಿ ಪೂರ್ಣಿಮಾ ಸುಕುಮಾರ್ ಬೆಂಗಳೂರಲ್ಲಿ ಶುರು ಮಾಡಿದ್ದು, ಟ್ರಾನ್ಸ್ ಮಹಿಳೆಯರು ಮತ್ತೆ ಬೇರೆ ಮಹಿಳೆಯರು ಜೊತೆಗೆ ನಿಂತು ಊರೂರಿನ ಗೋಡೆಗಳಿಗೆ ದೊಡ್ಡ ದೊಡ್ಡ ಚಿತ್ರ ಬರೀತಾರೆ. ರಸ್ತೆಯಲ್ಲಿ ಯಾರನ್ನ ಕಂಡ್ರೆ ಜನ ಮುಖ ತಿರುಗಿಸ್ತಿದ್ರೋ ಅವ್ರೇ ಅದೇ ರಸ್ತೆಯಲ್ಲಿ ಏಣಿ ಹತ್ತಿ ಬಣ್ಣ ಹಚ್ಚೋದು, ಹೋಗೋರು ನಿಂತು ಮಾತಾಡ್ಸೋದು, ಆ ಗೋಡೆಯಷ್ಟೇ ಅದೂ ಮುಖ್ಯ. 2024ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲೂ ಇವ್ರ ಕೆಲಸ ಇತ್ತು. ನಿಮ್ಮ ಐದು ಜನರ ಗುಂಪಿಗೆ ಆರನೆಯವರನ್ನ ಸೇರಿಸೋವಾಗ ನಿಮ್ಮಂಥವರನ್ನೇ ಹುಡುಕ್ಬೇಡಿ, ಇದುವರೆಗೆ ಯಾರೂ ಕರೆಯದೇ ಇದ್ದವರನ್ನ ಕರೀರಿ.

ತೋರಿಸೋಕೆ ಜಾಗ ಅಂದ್ರೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸೋ ಚಿತ್ರಸಂತೆಗೆ ಅರ್ಜಿ ಹಾಕ್ಬಹುದು, ಆದ್ರೆ ಮೊದಲನೇದು ಹಾಸನದಲ್ಲೇ ಆಗ್ಲಿ. ಲೈಬ್ರರಿ, ಶಾಲೆ, ಆಸ್ಪತ್ರೆ, ಜನ ಕಾಯೋ ಜಾಗ ಯಾವುದಾದ್ರೂ ಸರಿ, ಅನುಮತಿ ಪತ್ರ ಕೈಯಲ್ಲಿಟ್ಕೊಳಿ. 12x18 ಇಂಚು ಸೈಜು, ಮ್ಯಾಟ್ ಪೇಪರ್ ತಗೊಳಿ, ಗ್ಲಾಸಿ ಆದ್ರೆ ಟ್ಯೂಬ್‌ಲೈಟ್ ಹೊಳೆದು ಏನೂ ಕಾಣಲ್ಲ. ಕವನದ ಅಕ್ಷರ ದೊಡ್ಡದಿರ್ಲಿ, ಕನ್ನಡಕ ಮರೆತು ಬಂದವರೂ ಓದೋ ಹಂಗೆ, ಓದೋಕೆ ಬರದವರಿಗೆ ಅಂತ ದಿನಕ್ಕೆರಡು ಸಲ ನೀವೇ ನಿಂತು ಓದಿ. ಫೋಟೋದಲ್ಲಿ ಯಾರದ್ದಾದ್ರೂ ಮುಖ ಇದ್ರೆ ಹಾಕೋಕೆ ಮುಂಚೆ ಅವರನ್ನ ಕೇಳಿ, ಒಂದು ಪ್ರಿಂಟ್ ಅವರಿಗೂ ಕೊಡಿ.

ರಿಜಿಸ್ಟ್ರೇಷನ್‌ಗೆ ಅವಸರ ಬೇಡ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕಮ್ಮಿ ಅಂದ್ರೂ 7 ಜನ ಬೇಕು, ನೀವಿರೋದು ಐದೇ ಜನ. ಸದ್ಯಕ್ಕೆ ಒಂದು ನೋಟ್‌ಬುಕ್ಕಲ್ಲಿ ಲೆಕ್ಕ ಬರೆದಿಡಿ. ಮೊದಲ ಪ್ರದರ್ಶನದ ದಿನ ಗೊತ್ತಾದ್ರೆ ಇಲ್ಲೇ ಕಾಮೆಂಟ್ ಹಾಕಿ, ಮೈಸೂರಿಂದ ನಾವೂ ಒಂದಿಬ್ರು ಬರ್ತೀವಿ, ಮೌಂಟ್ ಮಾಡೋಕೆ ಕೈ ಬೇಕಾಗುತ್ತೆ.