ಅಪ್ಪ ಜೈಲಿನಲ್ಲಿ, ಮಗು ಶಿಬಿರದಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ತಂದೆಯೋ ತಾಯಿಯೋ ಸೆರೆಮನೆಯಲ್ಲಿರುವ ಮಕ್ಕಳಿಗಾಗಿ ಕ್ರೈಸ್ತ ಸಭೆಗಳು ನಡೆಸುವ ಬೇಸಿಗೆ ಶಿಬಿರಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ.

ಪ್ರಶ್ನೆ: ಇಂಥ ಮಕ್ಕಳಿಗೆಂದೇ ಒಂದು ವಾರದ ಶಿಬಿರ ಮಾಡೋಣ ಎಂದು ನಮ್ಮ ಸಭೆಯಲ್ಲಿ ಕೆಲವರು ಹೇಳುತ್ತಾರೆ. ಪ್ರತಿವರ್ಷ ನಡೆಯುವ ಶಿಬಿರಕ್ಕೇ ಅವರನ್ನೂ ಸೇರಿಸಿಕೊಳ್ಳೋಣ ಎಂದು ಇನ್ನು ಕೆಲವರು. ಯಾವುದು ಒಳ್ಳೆಯದು?

ಉತ್ತರ: ಈ ಮಕ್ಕಳಿಗೆಂದೇ ಪ್ರತ್ಯೇಕ ಶಿಬಿರ ಮಾಡುವುದರಿಂದ ಆಗುವ ದೊಡ್ಡ ಉಪಕಾರ ಒಂದಿದೆ. "ನಿಮ್ಮಪ್ಪನೂ ಒಳಗಿದ್ದಾರಾ?" ಎಂದು ಒಂದು ಮಗು ಇನ್ನೊಂದನ್ನು ಕೇಳುವ ಗಳಿಗೆ ಅಲ್ಲಿ ಬರುತ್ತದೆ. ಶಾಲೆಯಲ್ಲಿ, ಬೀದಿಯಲ್ಲಿ ಬಾಯಿ ಬಿಗಿಹಿಡಿದೇ ಬೆಳೆದ ಮಗುವಿಗೆ ಆ ಒಂದು ಮಾತು ಹಗುರ ತರುತ್ತದೆ. ಆದರೆ ನಿದ್ದೆಗೆಟ್ಟ, ಬೇಗ ಸಿಟ್ಟಿಗೇಳುವ ನಲವತ್ತು ಮಕ್ಕಳು ಒಂದೇ ಕಡೆ ಇದ್ದರೆ ಅದನ್ನು ನಿಭಾಯಿಸಲು ನುರಿತ ಕೈಗಳೇ ಬೇಕು. ಮೊದಲ ವರ್ಷ ಕೈಹಾಕುವವರು ನಡೆಯುತ್ತಿರುವ ಶಿಬಿರಕ್ಕೇ ಸೇರಿಸಿಕೊಳ್ಳುವುದು ವಾಸಿ. ಎಂಟು ಮಕ್ಕಳ ಕೋಣೆಯಲ್ಲಿ ಇಂಥವರು ಇಬ್ಬರಿಗಿಂತ ಹೆಚ್ಚು ಬೇಡ. ವಿಷಯ ಶಿಬಿರದ ಮುಖ್ಯಸ್ಥರು, ಆ ಕೋಣೆಯ ನಾಯಕರು ಮತ್ತು ನರ್ಸ್ ಈ ಮೂವರಿಗೆ ಮಾತ್ರ ತಿಳಿದಿರಲಿ. ಅಡುಗೆಯವರಿಗೆ, ಹಾಡು ಕಲಿಸುವವರಿಗೆ, ಪ್ರಾರ್ಥನಾ ಗುಂಪಿಗೆ ತಿಳಿಯುವ ಅಗತ್ಯವಿಲ್ಲ. "ಪ್ರಾರ್ಥನೆಗಾಗಿ" ಎಂದು ಹೆಸರು ಹಂಚಿಕೊಂಡಾಗಲೇ ಗುಟ್ಟು ಹೊರಬೀಳುವುದು ಹೆಚ್ಚು.

ಇನ್ನೊಂದು ತಪ್ಪು ಸಾಮಾನುಗಳ ವಿಷಯದಲ್ಲಾಗುತ್ತದೆ. ಟಾರ್ಚು, ಹೊದಿಕೆ, ಈಜುಡುಗೆ, ಎರಡು ಟವೆಲು, ಗಟ್ಟಿ ಚಪ್ಪಲಿ ಎಂದು ಮನೆಗೆ ಪಟ್ಟಿ ಹೋಗುತ್ತದೆ. ಕೊಳ್ಳಲಾಗದ ಮನೆಯವರು ಏನೂ ಹೇಳದೆ ಹೊರಡುವ ದಿನ ಮಗುವನ್ನು ಕಳಿಸುವುದೇ ಇಲ್ಲ. ಸಭೆಯವರೇ ಚೀಲ ಕೊಡುವುದಾದರೆ ಮೂರು ವಾರ ಮೊದಲೇ ಮನೆಗೆ ಮುಟ್ಟಿಸಿ. ಆಗ ಅದು ಮಗುವಿನ ಸ್ವಂತ ಚೀಲವಾಗಿ ಶಿಬಿರಕ್ಕೆ ಬರುತ್ತದೆ. ದಾನದ ಚೀಲಗಳೆಲ್ಲ ಒಂದೇ ಬಣ್ಣದವಾದರೆ ಮಕ್ಕಳು ಅರ್ಧ ಗಂಟೆಯಲ್ಲಿ ಗುರುತು ಹಿಡಿಯುತ್ತಾರೆ. ಹೋಗಿಬರುವ ವಾಹನವನ್ನೂ ನೀವೇ ಗೊತ್ತುಮಾಡಿ.

ಪ್ರಶ್ನೆ: ಮಕ್ಕಳನ್ನು ಪತ್ತೆ ಮಾಡುವುದು ಹೇಗೆ? ಒಪ್ಪಿಗೆ ಯಾರಿಂದ ಪಡೆಯಬೇಕು?

ಉತ್ತರ: ಬೀದಿಯವರನ್ನು ವಿಚಾರಿಸಿ ಪತ್ತೆ ಮಾಡಬೇಡಿ. ಒಳಗಿರುವ ತಂದೆ ತಾಯಿಯ ಮೂಲಕವೇ ಹೋಗುವ ದಾರಿ ಎಲ್ಲಕ್ಕಿಂತ ಮರ್ಯಾದೆಯದು. ಕೈದಿಗಳ ನಡುವೆ ಕೆಲಸ ಮಾಡುವ ಅಮೆರಿಕದ ಕ್ರೈಸ್ತ ಸಂಸ್ಥೆ 'ಪ್ರಿಸನ್ ಫೆಲೋಶಿಪ್'. ಕೈದಿಗಳ ಮಕ್ಕಳಿಗೆ ಉಡುಗೊರೆ ಮುಟ್ಟಿಸುವ ಅದರ 'ಏಂಜೆಲ್ ಟ್ರೀ' ಕಾರ್ಯಕ್ರಮ ನಡೆಯುವುದು ಹೀಗೆಯೇ. ಅದನ್ನು 1982ರಲ್ಲಿ ಆರಂಭಿಸಿದ ಮೇರಿ ಕೇ ಬಿಯರ್ಡ್ ಅಲಬಾಮಾದಲ್ಲಿ ಸ್ವತಃ ಶಿಕ್ಷೆ ಅನುಭವಿಸಿದ್ದವರು. ತಮಗೆ ದಾನವಾಗಿ ಬಂದ ಸೋಪು, ಟೂತ್‌ಪೇಸ್ಟ್‌ಗಳನ್ನೇ ಕೂಡಿಟ್ಟು ಕ್ರಿಸ್‌ಮಸ್‌ಗೆ ಮಕ್ಕಳಿಗೆ ಉಡುಗೊರೆ ಕೊಡುತ್ತಿದ್ದ ತಾಯಂದಿರನ್ನು ಅವರು ಜೈಲಿನಲ್ಲಿ ಕಂಡಿದ್ದರು. ಈ ಕಾರ್ಯಕ್ರಮದಲ್ಲಿ ಕೈದಿಯೇ ಅರ್ಜಿ ತುಂಬುತ್ತಾರೆ, ಉಡುಗೊರೆ ಅವರ ಹೆಸರಿನಲ್ಲೇ ಮಗುವಿಗೆ ಸೇರುತ್ತದೆ. ಕ್ರಿಸ್‌ಮಸ್ ಉಡುಗೊರೆಯಿಂದ ಶುರುವಾದ ಆ ಕೆಲಸ ಮುಂದೆ ಬೇಸಿಗೆ ಶಿಬಿರಗಳವರೆಗೂ ಬೆಳೆಯಿತು. "ಇದನ್ನು ಅಪ್ಪ ಕಳಿಸಿದ್ದು" ಎನ್ನುವುದಕ್ಕೂ "ಸಭೆಯವರು ಕೊಟ್ಟಿದ್ದು" ಎನ್ನುವುದಕ್ಕೂ ಮಗುವಿನ ಮನಸ್ಸಿನಲ್ಲಿ ಅಜಗಜಾಂತರ.

ಆದರೆ ಸಹಿ ಮಾಡಬೇಕಾದವರು ಮಗುವನ್ನು ಈಗ ಸಾಕುತ್ತಿರುವ ಕಾನೂನುಬದ್ಧ ಪೋಷಕರು. ಅದು ಅಜ್ಜಿ, ಚಿಕ್ಕಮ್ಮ, ಇಲ್ಲವೆ ಸರ್ಕಾರ ನೇಮಿಸಿದ ಪಾಲಕರಾಗಿರಬಹುದು. ತಂದೆ ಒಪ್ಪಿ ಅಜ್ಜಿ ಒಪ್ಪದಿದ್ದರೆ ಮಗು ಬರುವಂತಿಲ್ಲ.

ಅರ್ಜಿಯಲ್ಲಿ ಅಪರಾಧ ಏನೆಂದು ಕೇಳಲೇಬೇಡಿ, ಆ ಮಾಹಿತಿಯಿಂದ ಶಿಬಿರದಲ್ಲಿ ಯಾವ ಉಪಯೋಗವೂ ಇಲ್ಲ. ಔಷಧಿ, ಅಲರ್ಜಿ ಎಲ್ಲರಿಗೂ ಗೊತ್ತಿರುವುದೇ. ಅವುಗಳ ಜೊತೆ ಇಷ್ಟನ್ನು ಕೇಳಿ: ಮಗುವಿಗೆ ವಿಷಯವನ್ನು ಯಾವ ಮಾತಿನಲ್ಲಿ ಹೇಳಿದ್ದೀರಿ? ಬಂಧನವಾದಾಗ ಮಗು ಮನೆಯಲ್ಲಿತ್ತೇ? ಯಾರಾದರೂ ಮಗುವನ್ನು ಭೇಟಿಯಾಗಬಾರದೆಂದು ಕೋರ್ಟ್ ಆದೇಶವಿದೆಯೇ? ಶಿಬಿರದ ವಾರದಲ್ಲಿ ವಿಚಾರಣೆ, ತೀರ್ಪು, ಬಿಡುಗಡೆ ಏನಾದರೂ ಇದೆಯೇ? ರಾತ್ರಿ ಹಾಸಿಗೆ ಒದ್ದೆಯಾಗುತ್ತದೆಯೇ? ಮಗುವನ್ನು ಕರೆದೊಯ್ಯಲು ಬರಬಹುದಾದ ಇಬ್ಬರ ಹೆಸರು ಮತ್ತು ಫೋಟೋ ಇಟ್ಟುಕೊಳ್ಳಿ. ಕೊನೆಯ ದಿನ "ನಾನು ಚಿಕ್ಕಪ್ಪ" ಎನ್ನುತ್ತ ಬರುವ ಮೂರನೆಯವರ ಜೊತೆ ಕಳಿಸಬೇಡಿ, ಮಗು ಓಡಿಹೋಗಿ ತಬ್ಬಿಕೊಂಡರೂ ಸರಿಯೇ.

ಪ್ರಶ್ನೆ: ಅಪ್ಪ ದೂರದೂರಿನಲ್ಲಿ ಕೆಲಸಕ್ಕಿದ್ದಾರೆ ಎಂದು ಮನೆಯವರು ಮಗುವಿಗೆ ಹೇಳಿದ್ದಾರೆ. ನಾವು ಆ ಸುಳ್ಳನ್ನೇ ಮುಂದುವರಿಸಬೇಕೇ?

ಉತ್ತರ: ನಿಜ ಹೇಳುವ ಹಕ್ಕು ನಿಮ್ಮದಲ್ಲ, ಸುಳ್ಳಿಗೆ ದನಿಗೂಡಿಸುವ ಕೆಲಸವೂ ನಿಮ್ಮದಲ್ಲ. ಮಗು ಕೇಳಿದರೆ, "ಅದು ನಿಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತು. ಅವರನ್ನು ಹೇಗೆ ಕೇಳಬೇಕು ಅಂತ ಇಬ್ಬರೂ ಕೂತು ಯೋಚಿಸೋಣ" ಎನ್ನಿ. ಶಿಬಿರಕ್ಕೆ ಮೊದಲೇ ಮನೆಯವರೊಡನೆ ಮಾತಾಡಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯೂ ಸರ್ಕಾರವೇ ಹೆತ್ತವರನ್ನು ಸೆರೆಯಲ್ಲಿಟ್ಟಾಗ ಅವರು ಎಲ್ಲಿದ್ದಾರೆಂಬ ಮಾಹಿತಿ ಕೇಳಿದರೆ ಕೊಡಬೇಕು, ಅದರಿಂದ ಮಗುವಿಗೆ ಕೆಡುಕಾಗುವಂತಿದ್ದರೆ ಮಾತ್ರ ತಡೆಹಿಡಿಯಬಹುದು ಎನ್ನುತ್ತದೆ. ಮಕ್ಕಳಿಗೆ ಹೇಳಲು ಮೂರು ಮಾತು ಸಾಕು: ಅಪ್ಪ ಕಾನೂನು ಮುರಿದರು ಎಂದು ಕೋರ್ಟ್ ಹೇಳಿದೆ, ಅದಕ್ಕೆ ಜೈಲಿನಲ್ಲಿದ್ದಾರೆ, ಇದು ನಿನ್ನ ತಪ್ಪಲ್ಲ. ಕೊನೆಯ ಮಾತನ್ನು ಒಮ್ಮೆ ಹೇಳಿ ಬಿಡಬೇಡಿ. ತಾನು ಅತ್ತಿದ್ದಕ್ಕೇ, ತಾನು ಬಾಗಿಲು ತೆರೆದಿದ್ದಕ್ಕೇ ಪೊಲೀಸರು ಅಪ್ಪನನ್ನು ಕರೆದೊಯ್ದರೆಂದು ಚಿಕ್ಕ ಮಕ್ಕಳು ಒಳಗೊಳಗೇ ನಂಬಿಬಿಟ್ಟಿರುತ್ತಾರೆ.

ಪ್ರಶ್ನೆ: ಆಟಪಾಟ, ದಿನಚರಿಯಲ್ಲಿ ಏನಾದರೂ ಬದಲಾವಣೆ ಬೇಕೇ?

ಉತ್ತರ: ಬೇಕು, ಮೊದಲು ಆಟಗಳ ಪಟ್ಟಿ ನೋಡಿ. ಎದುರು ತಂಡದವರ ಕೈಗೆ ಸಿಕ್ಕವರನ್ನು "ಜೈಲಿಗೆ" ಹಾಕುವ ಆಟ ಬಹುತೇಕ ಎಲ್ಲ ಶಿಬಿರಗಳಲ್ಲೂ ಇರುತ್ತದೆ. ನೆಲದಲ್ಲಿ ಸುಣ್ಣದ ಚೌಕ ಎಳೆದು, ಸಿಕ್ಕಿಬಿದ್ದವರು ಅದರೊಳಗೆ ನಿಂತು, ಯಾರಾದರೂ ಬಂದು ಮುಟ್ಟಿ ಬಿಡಿಸಲಿ ಎಂದು ಕಾಯುವ ಆಟ. ಬೇರೆ ಮಕ್ಕಳಿಗೆ ಅದು ಬರಿಯ ಚೌಕ. ಈ ಮಗು ಮಾತ್ರ ಅದರೊಳಗೆ ಸುಮ್ಮನೆ ಕೂತುಬಿಡುತ್ತದೆ, ಇಲ್ಲವೆ ಹಿಡಿಯಲು ಬಂದವನನ್ನು ಹೊಡೆಯುತ್ತದೆ. ಆಟವನ್ನೇ ಕೈಬಿಡಬೇಕಿಲ್ಲ. ಚೌಕಕ್ಕೆ "ದ್ವೀಪ" ಎನ್ನಿ, ಹತ್ತು ಸಲ ಕುಪ್ಪಳಿಸಿ ತಾನೇ ಹೊರಬರಬಹುದೆಂಬ ನಿಯಮ ಮಾಡಿ. ಕಳ್ಳ-ಪೊಲೀಸ್ ಆಟ, ಸಮವಸ್ತ್ರದ ಅಧಿಕಾರಿಯನ್ನು ಅತಿಥಿಯಾಗಿ ಕರೆಯುವುದು, ತಮಾಷೆಗೆ ಕೈಕೋಳ ಹಾಕುವ ಕಿರುನಾಟಕ ಇವು ಬೇಡವೇ ಬೇಡ.

ಎರಡನೆಯದು ತಪಾಸಣೆ. ಭೇಟಿಗೆ ಹೋದಾಗಲೆಲ್ಲ ಜೈಲಿನ ಬಾಗಿಲಲ್ಲಿ ಚೀಲ ತೆರೆಸಿ, ಮೈ ತಡವಿ ನೋಡಿದ ಅನುಭವ ಈ ಮಕ್ಕಳಿಗಿರುತ್ತದೆ. ಬಂದ ಮೊದಲ ದಿನ ಮೇಜಿನ ಮೇಲೆ ಚೀಲ ಸುರಿಸಿ ಹುಡುಕಿದರೆ ಅವರಿಗೆ ಅದೇ ನೆನಪಾಗುತ್ತದೆ. ಔಷಧಿ, ಚಾಕು ಇದ್ದರೆ ತೆಗೆದಿಡಲೇಬೇಕು ನಿಜ. ಕೋಣೆಯಲ್ಲಿ ಕುಳಿತು ಮಗುವೇ ಚೀಲ ಬಿಚ್ಚಿ ಒಂದೊಂದಾಗಿ ಹೊರಗಿಡಲಿ. ತಲೆ ಎಣಿಸುವಾಗ ಸಾಲು ನಿಲ್ಲಿಸಿ ನಂಬರ್ ಕೂಗಿಸಬೇಡಿ, ಹೆಸರು ಕರೆಯಿರಿ.

ಮೊದಲ ಎರಡು ರಾತ್ರಿಗಳೇ ಕಷ್ಟ. ಕತ್ತಲಲ್ಲಿ ಕೋಣೆಗೆ ನುಗ್ಗಿದವರನ್ನು ಕಂಡ ಮಗುವಿಗೆ ಬಾಗಿಲು ಕಾಣುವ ಹಾಸಿಗೆ ಬೇಕು, ಸಣ್ಣ ದೀಪ ರಾತ್ರಿಯಿಡೀ ಉರಿಯುತ್ತಿರಬೇಕು. ಎಬ್ಬಿಸುವಾಗ ಭುಜ ಮುಟ್ಟದೆ, ಕಾಲ ಬಳಿ ನಿಂತು ಹೆಸರು ಹೇಳಿ. ಪ್ರತಿ ಕೋಣೆಯಲ್ಲಿ ನಾಲ್ಕು ಹೆಚ್ಚುವರಿ ಹಾಸಿಗೆ ಬಟ್ಟೆ, ಮುಚ್ಚಳವಿರುವ ಒಂದು ಬುಟ್ಟಿ ಇರಲಿ. ಒದ್ದೆಯಾದ ಹಾಸಿಗೆಯನ್ನು ಎಲ್ಲರೂ ತಿಂಡಿಗೆ ಹೋದಾಗ ಬದಲಿಸಿ. ದಿಂಬಿನ ಕೆಳಗೆ ರೊಟ್ಟಿ, ಬಿಸ್ಕತ್ತು ಅಡಗಿಸಿಟ್ಟಿದ್ದರೆ ಬೈಯಬೇಡಿ. "ಹಸಿವಾದಾಗ ಇಲ್ಲಿಂದ ತಗೋ" ಎಂದು ಹಣ್ಣಿನ ಬುಟ್ಟಿಯೊಂದನ್ನು ದಿನವಿಡೀ ತೆರೆದಿಡಿ.

ಪ್ರಶ್ನೆ: ಬೈಬಲ್ ಪಾಠಕ್ಕೆ ಯೋಸೇಫ, ಪೇತ್ರ, ಪೌಲ-ಸೀಲರ ಸೆರೆವಾಸದ ಕಥೆಗಳನ್ನೇ ಆರಿಸಿದ್ದೇವೆ. ಈ ಮಕ್ಕಳಿಗೆ ಹೊಂದುತ್ತವೆ ತಾನೆ?

ಉತ್ತರ: ಮೇಲುನೋಟಕ್ಕೆ ಹೊಂದುತ್ತವೆ, ತೊಡಕು ಒಳಗಿದೆ. ಮೂರು ಕಥೆಗಳಲ್ಲೂ ಸೆರೆಯಾದವರು ನಿರಪರಾಧಿಗಳು. ಪೇತ್ರನಿಗೆ ದೇವದೂತ ಬಾಗಿಲು ತೆರೆದ, ಪೌಲ-ಸೀಲರು ಹಾಡಿದಾಗ ಭೂಕಂಪವಾಗಿ ಸಂಕೋಲೆ ಕಳಚಿದವು ಎಂದರೆ, "ನಾನೂ ದಿನಾ ಪ್ರಾರ್ಥನೆ ಮಾಡ್ತೀನಿ, ನಮ್ಮಪ್ಪನ ಬಾಗಿಲು ಯಾಕೆ ತೆರೆಯಲಿಲ್ಲ?" ಎಂದು ಮಗು ಕೇಳುತ್ತದೆ. ಕೇಳದಿದ್ದರೆ ಇನ್ನೂ ಕಷ್ಟ, ತನ್ನ ಪ್ರಾರ್ಥನೆಯೇ ಸಾಲದೆಂದು ತೀರ್ಮಾನಿಸಿಬಿಡುತ್ತದೆ. ಪೇತ್ರನ ಕಥೆ ಹೇಳುವುದಾದರೆ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 12ನೇ ಅಧ್ಯಾಯವನ್ನು ಆರಂಭದಿಂದ ಹೇಳಿ. ಅದೇ ಅಧ್ಯಾಯದಲ್ಲಿ ಯೇಸುವಿನ ಇನ್ನೊಬ್ಬ ಶಿಷ್ಯ ಯಾಕೋಬ ಹೊರಬರಲಿಲ್ಲ, ಕತ್ತಿಗೆ ಬಲಿಯಾದ. ಸಭೆ ಇಬ್ಬರನ್ನೂ ಪ್ರೀತಿಸುತ್ತಿತ್ತು.

ಯೋಸೇಫನ ಕಥೆಯಲ್ಲಿ ನಮಗೆ ಹೆಚ್ಚು ಬೆಲೆಬಾಳುವುದು ಬಿಡುಗಡೆಯಲ್ಲ, ಮರೆವು. ಜೊತೆಗೆ ಸೆರೆಯಲ್ಲಿದ್ದು ಬಿಡುಗಡೆಯಾದ ಮೇಲೆ ಯೋಸೇಫನನ್ನು ನೆನಪಿಟ್ಟುಕೊಳ್ಳಬೇಕಿದ್ದ ಅರಸನ ಪಾನದಾಯಕ ಮರೆತ, ಮತ್ತೆ ಪೂರ್ತಿ ಎರಡು ವರ್ಷ ಕಳೆಯಿತು. ಬರುವೆನೆಂದು ಹೇಳಿದವರು ಬಾರದಿರುವುದು, ಬರಬೇಕಿದ್ದ ಫೋನ್ ಬಾರದಿರುವುದು ಈ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ನೋವು. ಅಲ್ಲಿ ನಿಂತು ಮಾತಾಡಿ. ತಪ್ಪು ಮಾಡಿದವನ ಕಥೆ ಬೇಕಿದ್ದರೆ ಯೇಸುವನ್ನು ಕಂಡು ಬದಲಾದ ಸುಂಕ ವಸೂಲಿಗಾರ ಜಕ್ಕಾಯ ಇದ್ದಾನೆ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದವನು ಅವನು. ತಪ್ಪು ನಿಜ, ಮನುಷ್ಯ ತಪ್ಪಿಗಿಂತ ದೊಡ್ಡವನು ಎಂಬ ಎರಡೂ ಮಾತು ಅಲ್ಲಿವೆ.

"ನಿಮ್ಮಪ್ಪನನ್ನು ಕ್ಷಮಿಸು" ಎಂದು ಹೇಳಬೇಡಿ. ಮಗು ಸಿಟ್ಟಿನಲ್ಲಿದೆಯೋ ಹಂಬಲದಲ್ಲಿದೆಯೋ ಎರಡರಲ್ಲೂ ಇದೆಯೋ ನಿಮಗೆ ಗೊತ್ತಿಲ್ಲ. ಕೊನೆಯ ರಾತ್ರಿ ಬೆಂಕಿಯ ಸುತ್ತ ಕೂರಿಸಿ, ಮೆಲ್ಲನೆ ಹಾಡು ಹಾಕಿ, ಯಾರು ಯೇಸುವನ್ನು ಸ್ವೀಕರಿಸುತ್ತೀರಿ ಎಂದು ಕೈ ಎತ್ತಿಸುವ ರೂಢಿಯನ್ನು ಈ ಶಿಬಿರದಲ್ಲಿ ಬಿಟ್ಟುಬಿಡಿ. ಐದು ದಿನ ಪ್ರೀತಿ ತೋರಿಸಿದವರ ಮುಖ ನೋಡಿ ಮಗು ಕೈ ಎತ್ತುತ್ತದೆ, ಅದನ್ನು ನಂಬಿಕೆ ಎಂದು ಲೆಕ್ಕ ಬರೆಯುವುದು ಸುವಾರ್ತೆಗೇ ಅಗೌರವ. ಬೇರೆ ಧರ್ಮದ ಮನೆಯ ಮಗುವಾದರೆ, ದಿನಕ್ಕೆ ಎಷ್ಟು ಹೊತ್ತು ಬೈಬಲ್ ಪಾಠ, ಎಷ್ಟು ಹೊತ್ತು ಆರಾಧನೆ ಎಂದು ಪೋಷಕರಿಗೆ ಮೊದಲೇ ಬರೆದು ಕೊಡಿ. ಆ ಹೊತ್ತಿನಲ್ಲಿ ಚಿತ್ರ ಬಿಡಿಸಲು ಒಂದು ಜಾಗ, ಜೊತೆಗೆ ಒಬ್ಬ ದೊಡ್ಡವರು ಇರಲಿ.

ಪ್ರಶ್ನೆ: ಶಿಬಿರದಿಂದ ಜೈಲಿಗೆ ಪತ್ರ ಬರೆಸಬೇಕೆಂದಿದ್ದೇವೆ. ಕಳೆದ ವರ್ಷ ಅರ್ಧ ಪತ್ರಗಳು ವಾಪಸ್ ಬಂದವು. ತಪ್ಪೆಲ್ಲಿ?

ಉತ್ತರ: ಬಹುಶಃ ಅಲಂಕಾರದಲ್ಲಿ. ಮಿನುಗುಪುಡಿ, ಸ್ಟಿಕ್ಕರ್, ಅಂಟು, ಒತ್ತಿ ಒಣಗಿಸಿದ ಎಲೆ, ಮೇಣದ ಬಣ್ಣ, ಸ್ಟೇಪ್ಲರ್ ಪಿನ್ನು, ದಪ್ಪ ಮಡಿಕೆಯ ಕಾರ್ಡು ಇವನ್ನು ಹಲವು ಜೈಲುಗಳು ತಿರಸ್ಕರಿಸುತ್ತವೆ. ಮಾದಕ ವಸ್ತುವನ್ನು ಕಾಗದದಲ್ಲಿ ಇಂಗಿಸಿ, ಅಂಟಿನಡಿ ಅಡಗಿಸಿ ಕಳಿಸುವವರಿದ್ದಾರೆ ಎಂಬುದು ಕಾರಣ. ಬಿಳಿ ಹಾಳೆ, ಕಪ್ಪು ಪೆನ್ನು, ಒಂದೇ ಬದಿ. ಅಮೆರಿಕದ ಹಲವು ಜೈಲುಗಳಲ್ಲಿ ಈಗ ಮೂಲ ಪತ್ರ ಕೈದಿಯ ಕೈಗೆ ಸಿಗುವುದೇ ಇಲ್ಲ, ಸ್ಕ್ಯಾನ್ ಮಾಡಿದ ಪ್ರತಿಯಷ್ಟೇ ಸಿಗುತ್ತದೆ. ಪೆನ್ಸಿಲಿನ ತೆಳು ಗೆರೆ ಸ್ಕ್ಯಾನಿನಲ್ಲಿ ಮಾಯವಾಗುತ್ತದೆ, ಹಾಗಾಗಿ ಚಿತ್ರದ ಗೆರೆಗಳನ್ನು ಪೆನ್ನಿನಿಂದ ತಿದ್ದಿಸಿ. ಕೈದಿಯ ಪೂರ್ಣ ಹೆಸರು, ನಂಬರ್, ಕಳಿಸುವವರ ವಿಳಾಸ ಮೂರೂ ಲಕೋಟೆಯ ಮೇಲಿರಬೇಕು. ಆ ಜೈಲಿನ ನಿಯಮವನ್ನು ಶಿಬಿರಕ್ಕೆ ಎರಡು ವಾರ ಮೊದಲು ಕೇಳಿಕೊಳ್ಳಿ. ಬೇರೆ ಮಕ್ಕಳು ಕಾಣುವ ಫೋಟೋ ಕಳಿಸಬೇಡಿ.

ಪತ್ರವನ್ನು ಅಲ್ಲಿ ಅಧಿಕಾರಿಗಳು ತೆರೆದು ಓದಬಹುದೆಂದು ಮಗುವಿಗೆ ಮೊದಲೇ ಹೇಳಿ. ಭೇಟಿ ನಿಷೇಧದ ಆದೇಶವಿದ್ದರೆ ಪತ್ರವೂ ಆ ನಿಷೇಧದಲ್ಲಿ ಬರಬಹುದು. ಬರೆಯಲೊಲ್ಲದ ಮಗುವಿಗೆ ಬಲವಂತ ಬೇಡ, ಆ ಹಾಳೆಯಲ್ಲಿ ಅಜ್ಜಿಗೆ ಬರೆಯಲಿ.

ಪ್ರಶ್ನೆ: ಎಷ್ಟು ಮಕ್ಕಳಿಗೆ ಎಷ್ಟು ಜನ ಸ್ವಯಂಸೇವಕರು ಬೇಕು? ಅವರಿಗೆ ಏನು ಹೇಳಿಕೊಡಬೇಕು?

ಉತ್ತರ: ರಾತ್ರಿ ತಂಗುವ ಶಿಬಿರಗಳಿಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹೇಳುವ ಲೆಕ್ಕ 6ರಿಂದ 8 ವರ್ಷದ 6 ಮಕ್ಕಳಿಗೆ, 9ರಿಂದ 14 ವರ್ಷದ 8 ಮಕ್ಕಳಿಗೆ ಒಬ್ಬ ದೊಡ್ಡವರು. ಈ ಮಕ್ಕಳಿರುವ ಪ್ರತಿ ಕೋಣೆಗೂ ಇಬ್ಬರನ್ನು ಹಾಕಿ. ಒಂದು ಮಗು ಮಧ್ಯರಾತ್ರಿ ಹೊರಗೆ ಓಡಿದರೆ ಒಬ್ಬರು ಹಿಂದೆ ಹೋಗಬೇಕು, ಇನ್ನೊಬ್ಬರು ಉಳಿದ ಏಳು ಮಕ್ಕಳ ಬಳಿ ಇರಬೇಕು. ಎಲ್ಲರ ಪೊಲೀಸ್ ಪರಿಶೀಲನೆ ಆಗಿರಲಿ. ಮುಚ್ಚಿದ ಬಾಗಿಲ ಹಿಂದೆ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಎಂದೂ ಒಂಟಿಯಾಗಿ ಇರಬಾರದು.

ಮಗುವಿನ ಮನೆಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ ಎಂದು ಸ್ವಯಂಸೇವಕರಿಗೆ ಸ್ಪಷ್ಟವಾಗಿ ಹೇಳಿ. ಸುದ್ದಿ ಓದಿದವರ ಕಣ್ಣು ಮರುದಿನ ಬೇರೆಯಾಗಿರುತ್ತದೆ, ಮಗು ಅದನ್ನು ಗಮನಿಸುತ್ತದೆ. "ಯಾರಿಗೂ ಹೇಳಬೇಡಿ" ಎಂದು ಮಗು ಏನಾದರೂ ಹೇಳಲು ಬಂದರೆ ಆಣೆ ಮಾಡಬಾರದು. "ನಿನಗೆ ಅಪಾಯವಿದ್ದರೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ" ಎಂದು ಕೇಳುವ ಮೊದಲೇ ತಿಳಿಸಿ. ಹಿಂಸೆಯ ಸುಳಿವು ಸಿಕ್ಕರೆ ಅದೇ ದಿನ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ತಿಳಿಸಿ, ಪಾಸ್ಟರರ ಒಪ್ಪಿಗೆಗೆ ಕಾಯುವಂತಿಲ್ಲ.

ಪ್ರಶ್ನೆ: ಒಂದು ವಾರದಿಂದ ಏನಾದೀತು?

ಉತ್ತರ: ವಾರ ಮುಗಿದ ಮೇಲೆ ಯಾರೂ ಸುಳಿಯದಿದ್ದರೆ, ಬಂದು ಹೋದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ, ಅಷ್ಟೇ. ಅದಕ್ಕೇ ಬಸ್ ಹತ್ತಿಸುವಾಗ "ಮುಂದಿನ ವರ್ಷ ಖಂಡಿತ ಸಿಗೋಣ" ಎನ್ನುವುದು ಬೇಡ, ಮಾಡಬಲ್ಲದ್ದನ್ನು ಮಾತ್ರ ಹೇಳಿ. ಹತ್ತು ದಿನದೊಳಗೆ ಕೋಣೆಯ ನಾಯಕರ ಕೈಬರಹದ ಒಂದು ಪತ್ರ, ಹುಟ್ಟುಹಬ್ಬಕ್ಕೆ ಒಂದು ಕಾರ್ಡು, ತಿಂಗಳಿಗೊಮ್ಮೆ ಪೋಷಕರಿಗೆ ಒಂದು ಫೋನ್. ಇವೆಲ್ಲ ಶಿಬಿರದ ಕಚೇರಿಯ ಮೂಲಕ, ಪೋಷಕರಿಗೆ ತಿಳಿದೇ ನಡೆಯಬೇಕು. ಹುಟ್ಟುಹಬ್ಬದ ದಿನಾಂಕಗಳನ್ನು ಅರ್ಜಿಗಳಿಂದ ತೆಗೆದು, ಮಕ್ಕಳು ಬರುವ ಮೊದಲೇ ಕಾರ್ಡುಗಳ ಮೇಲೆ ವಿಳಾಸ ಬರೆದು ತಿಂಗಳವಾರು ಕಟ್ಟಿಡಿ. ಶಿಬಿರ ಮುಗಿದ ಆಯಾಸದಲ್ಲಿ ಆ ಕೆಲಸ ನಡೆಯುವುದಿಲ್ಲ.